ಅಜ್ಜನ ಬುಧವಾರದಿಂದ ಶುರುಮಾಡಿ

ನಮಸ್ಕಾರ. ರೇಡಿಯೋ ನಿರೂಪಕ ಅಮೀನ್ ಸಯಾನಿ ಬಗ್ಗೆ ರಾಯಚೂರಿನಿಂದ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಲೂ ಮನಸ್ಸಿಲ್ಲ.

ಮೊದಲ ಎರಡು ಪುಟ ತೆಗೆದುಬಿಡಿ. 'ಧ್ವನಿ ಮಾಂತ್ರಿಕ', 'ಸ್ವರ ಸಾಮ್ರಾಟ' ಇಂಥವು 2024ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡಾಗಲೇ ಬೇಕಾದಷ್ಟು ಬಂದಿವೆ.

ಮೂರನೇ ಪುಟದಲ್ಲಿ ನಿಮ್ಮ ಅಜ್ಜ ಬರುತ್ತಾರೆ. ತೀನ್ ಕಂದೀಲ್ ಹತ್ತಿರ ಟೇಲರ್ ಅಂಗಡಿ. ಬುಧವಾರ ರಾತ್ರಿ ಎಂಟಕ್ಕೆ ಮಷೀನ್ ನಿಲ್ಲಿಸಿ, 'ಗಪ್ ಕುಂದ್ರಲೇ, ಸಯಾನಿ ಬಂದಾನ' ಅಂತಿದ್ದರಂತೆ. ಲೇಖನ ಶುರುವಾಗುವುದೇ ಇಲ್ಲಿ! ನೀವು ನೋಡಿದರೆ ಮುಂದಿನ ಸಾಲಿಗೇ ಪ್ರಶಸ್ತಿಗಳ ಪಟ್ಟಿಗೆ ಓಡಿದ್ದೀರಿ.

ಒಂದು ತಪ್ಪೂ ಇದೆ. ಅಜ್ಜ ಕೇಳಿದ್ದು ಆಕಾಶವಾಣಿ ಅಲ್ಲ, ಈಗಿನ ಶ್ರೀಲಂಕಾದ ರೇಡಿಯೋ ಸಿಲೋನ್. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾಗಿದ್ದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಆಗಿಬರುತ್ತಿರಲಿಲ್ಲ, ಹಾಗಾಗಿ ಆಕಾಶವಾಣಿಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಆ ವರ್ಷವೇ ಹಿಂದಿ ಸಿನಿಮಾ ಹಾಡುಗಳಿಗೆ ಸ್ಥಾನ ಕೊಟ್ಟು ಕೇಳಿಸುವ ಸಯಾನಿಯ ಕಾರ್ಯಕ್ರಮ, ಬಿನಾಕಾ ಗೀತಮಾಲಾ, ಸಿಲೋನ್‌ನಲ್ಲಿ ಶುರುವಾಯಿತು. ಮುಂಬೈಯಲ್ಲಿ ರೆಕಾರ್ಡ್ ಆದ ಟೇಪು ವಿಮಾನದಲ್ಲಿ ಕೊಲಂಬೋಗೆ ಹೋಗುತ್ತಿತ್ತು. ಅಲ್ಲಿಂದ ಶಾರ್ಟ್‌ವೇವ್‌ನಲ್ಲಿ ನಿಮ್ಮೂರಿಗೆ. ಶಾರ್ಟ್‌ವೇವ್ ದನಿ ಗೊತ್ತಲ್ಲ, ಒಮ್ಮೆ ಉಬ್ಬುತ್ತದೆ, ಒಮ್ಮೆ ಕರಗುತ್ತದೆ. ಅಜ್ಜ ಗದರಿದ್ದು ಅದಕ್ಕೇ ಇರಬೇಕು. ಆಗ ಅಂಗಡಿಯಲ್ಲಿದ್ದವರು ಯಾರಾದರೂ ಸಿಕ್ಕರೆ ಕೇಳಿ ನೋಡಿ.

ಇನ್ನೊಂದು ಪ್ರಶ್ನೆ ನಿಮಗೆ ಹೊಳೆದೇ ಇಲ್ಲ. ಮನೆಯಲ್ಲಿ ಕನ್ನಡ ಆಡುವ ಟೇಲರ್‌ಗೆ ಸಯಾನಿಯ ಆ ಹಿಂದೂಸ್ತಾನಿ ಮಾತು ಹೇಗೆ ಹಿಡಿಸಿತು? ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಕಚೇರಿ, ಬಜಾರು, ಎಲ್ಲ ಕಡೆ ಉರ್ದು ಓಡಾಡುತ್ತಿತ್ತು. ಇತ್ತ ಸಯಾನಿ ಮಾತೂ ಕಷ್ಟದ್ದಲ್ಲ. ಅವರ ತಾಯಿ ಕುಲ್ಸುಂ ಸಯಾನಿ ಹೊಸದಾಗಿ ಅಕ್ಷರ ಕಲಿತವರಿಗಾಗಿ 'ರಹಬರ್' ಪತ್ರಿಕೆ ನಡೆಸಿದವರು, ಅದೂ ನಾಗರಿ, ಉರ್ದು, ಗುಜರಾತಿ ಮೂರು ಲಿಪಿಯಲ್ಲಿ. ಮಗನೂ ಆ ಕೆಲಸಕ್ಕೆ ಕೈಜೋಡಿಸಿದ್ದರು. ಹಾಡು ಎಷ್ಟನೇ ಸ್ಥಾನದಲ್ಲಿದೆ ಅನ್ನಲು ಅವರು ಬಳಸಿದ ಪದ 'ಪಾಯ್ದಾನ್', ಅಂದರೆ ಮೆಟ್ಟಿಲು. ಇದಕ್ಕೆ ನಿಮ್ಮಜ್ಜನಿಗೆ ನಿಘಂಟು ಬೇಕಿತ್ತಾ?

'ತಲೆಮಾರುಗಳ ಮೇಲೆ ಪ್ರಭಾವ ಬೀರಿದರು' ಅಂತ ನಾಲ್ಕು ಕಡೆ ಬರೆದಿದ್ದೀರಿ. ಎಲ್ಲಿ ಬೀರಿದರು? ಉತ್ತರ ನಿಮ್ಮ ಕೊನೆಯ ಪುಟದಲ್ಲೇ ಇದೆ, ಸುಮ್ನೆ ಕಂಸದೊಳಗೆ ತುರುಕಿದ್ದೀರಿ. ಜಾತ್ರೆಯಲ್ಲಿ ಮೈಕ್ ಹಿಡಿಯುವ ನಿಮ್ಮ ಮಾವ ಇವತ್ತಿಗೂ 'ಅಕ್ಕಂದಿರೇ, ಅಣ್ಣಂದಿರೇ' ಅಂತಲೇ ಶುರುಮಾಡುತ್ತಾರೆ. ಅಕ್ಕಂದಿರು ಮೊದಲು! 'ಬೆಹನೋ ಔರ್ ಭಾಯಿಯೋ' ಅಂತ ಸಯಾನಿ ಕರೆಯುತ್ತಿದ್ದುದೂ ಹಾಗೇ ಅಲ್ವಾ? ಮಾವನನ್ನು ಕಂಸದಿಂದ ಹೊರಗೆ ತನ್ನಿ. ಅವರು ಮೈಕ್ ಮುಂದೆ ಹೇಗೆ ನಿಲ್ಲುತ್ತಾರೆ, ಎಲ್ಲಿ ಉಸಿರು ಎಳೆಯುತ್ತಾರೆ, ನೋಡಿ ಬರೆಯಿರಿ.

ಆರುನೂರು ಪದ ಸಾಕು. ಮತ್ತೆ, ಆ ಅಂಗಡಿಯ ರೇಡಿಯೋ ಈಗ ಯಾರ ಮನೆಯಲ್ಲಿದೆ?