ಟಿಶ್ಯೂ ಕಲ್ಚರ್ ಬಾಳೆಗೂ ‘ನಮ್ಮ ಕಲ್ಚರ್’ಗೂ ಏನು ಸಂಬಂಧ?

ಗಂಗಾವತಿ ಕಡೆ ತೋಟದಲ್ಲಿ ಟಿಶ್ಯೂ ಕಲ್ಚರ್ ಬಾಳೆ, ಲ್ಯಾಬಿನಲ್ಲಿ ಯೂರಿನ್ ಕಲ್ಚರ್, ಮನೆಯಲ್ಲಿ ‘ನಮ್ಮ ಕಲ್ಚರ್’. ಮೂರೂ ಒಂದೇ ಪದವೇ ಅಂತ ಕೇಳಿದ್ದೀರಿ. ಹೌದು, ಒಂದೇ. ಮೂಲ ಲ್ಯಾಟಿನ್ನಿನದು, ಅಲ್ಲಿ ಅರ್ಥ ಬೇಸಾಯ, ಆರೈಕೆ.

ಲ್ಯಾಬಿನಲ್ಲಿ ಆ ಹಳೆಯ ಅರ್ಥವೇ ಉಳಿದಿದೆ. ಮೂತ್ರದ ಸ್ಯಾಂಪಲ್ಲನ್ನು ಪೋಷಕಾಂಶ ಇರುವ ತಟ್ಟೆಗೆ ಹಾಕಿ ಒಂದೆರಡು ದಿನ ಬೆಚ್ಚಗೆ ಇಡುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಬೆಳೆಯುತ್ತದೆ. ಯಾವ ಔಷಧಿಗೆ ಬಗ್ಗುತ್ತದೆ ಅಂತ ಆಮೇಲೆ ನೋಡುತ್ತಾರೆ. ಬಾಳೆಯಲ್ಲೂ ಹಾಗೇ, ಗಿಡದ ಚಿಕ್ಕ ಚೂರಿನಿಂದ ರಾಶಿ ಸಸಿ.

ಜನರ ವಿಷಯದಲ್ಲಿ ಎರಡು ಅರ್ಥ ಇವೆ. ‘ಅವರಿಗೆ ಕಲ್ಚರ್ ಇಲ್ಲ’ ಅನ್ನುವಾಗ ನಯ-ನಾಜೂಕು ಅಂತ. ಸುಮ್ನೆ ಬಟ್ಟೆ, ಮಾತು ನೋಡಿ ಹಾಗನ್ನುವುದು ನನಗೆ ಸರಿ ಕಾಣುವುದಿಲ್ಲ. ಎರಡನೆಯದು, 1871ರಲ್ಲಿ ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ಎಡ್ವರ್ಡ್ ಟೈಲರ್ ಕೊಟ್ಟ ಅರ್ಥ, ಅದೇ ದೊಡ್ಡದು: ತಿಳಿವಳಿಕೆ, ನಂಬಿಕೆ, ಕಲೆ, ಕಾನೂನು, ರೂಢಿ, ಹೀಗೆ ಸಮಾಜದಲ್ಲಿದ್ದು ಕಲಿತದ್ದೆಲ್ಲ. ರಕ್ತದಲ್ಲಿ ಬಂದದ್ದಲ್ಲ, ಕಲಿತದ್ದು ಅನ್ನುವುದೇ ಇಲ್ಲಿ ಮುಖ್ಯ. ಕೊಪ್ಪಳದ ಕಿನ್ನಾಳದಲ್ಲಿ ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟಿನ ಮಿಶ್ರಣ ಗೊಂಬೆಗೆ ಮೆತ್ತುವುದನ್ನು ದೊಡ್ಡವರ ಪಕ್ಕ ಕೂತೇ ಕಲಿಯಬೇಕು. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂನಲ್ಲಿ ಹಿಂದೂ, ಮುಸ್ಲಿಮರು ಕೂಡಿ ಅಲಾಯಿ ದೇವರಿಗೆ (ಹಬ್ಬದಲ್ಲಿ ಕೂರಿಸುವ ಪಂಜಾಗಳಿಗೆ) ನಡೆದುಕೊಳ್ಳುವುದೂ ಹಾಗೇ ಬಂದದ್ದು.

ಕಂಪನಿಯವರು ಹೇಳುವ ‘ವರ್ಕ್ ಕಲ್ಚರ್’ ಕೂಡ ಇದೇ ಅರ್ಥದ್ದು, ಅಲ್ಲಿನ ಕೆಲಸದ ರೂಢಿ ಅಷ್ಟೇ.