ತಮ್ಮನ ಸೋಲು ಯಾರದು?

ಯೊಕೊಹಾಮದಲ್ಲಿ ನಾನು ಆಪ್ತಸಲಹೆ ಕೊಡಲು ಶುರುಮಾಡಿ 11 ವರ್ಷವಾಯಿತು. ಹಗಲು ಬರುವವರು ಹೆಚ್ಚಾಗಿ ಜಪಾನಿಗಳು. ರಾತ್ರಿ ಹೊತ್ತು ಊರಿನ ಕಡೆಯಿಂದ ವಿಡಿಯೋ ಕರೆಗಳು. ಇತ್ತೀಚೆಗೆ ಎರಡೂ ಕಡೆಯಿಂದ ಒಂದೇ ಮಾತು ಪದೇ ಪದೇ ಕಿವಿಗೆ ಬೀಳುತ್ತಿದೆ: "ದೊಡ್ಡವನು ಅಷ್ಟೆಲ್ಲ ಮಾಡಿದ, ಚಿಕ್ಕವನಿಗೆ ಏನಾಗಿದೆ?" ಇದನ್ನು ಬರೆಯಲು ಅದೊಂದು ಕಾರಣ. ಇನ್ನೊಂದು, ಈ ಪ್ರಕರಣದಲ್ಲಿ ಮೊದಲು ತಪ್ಪು ಸಲಹೆ ಕೊಟ್ಟವಳು ನಾನೇ.

ಬಂದವರು 27 ವರ್ಷದ ಬಾಕ್ಸರ್. ಎಸ್-ಸಾನ್ ಅನ್ನೋಣ; 'ಸಾನ್' ಅಂದರೆ ನಮ್ಮ 'ಅವರು' ಇದ್ದ ಹಾಗೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಅಣ್ಣ ಅದೇ ತೂಕದ ವಿಭಾಗದಲ್ಲಿ ಜಪಾನ್ ಚಾಂಪಿಯನ್. ಇಬ್ಬರದೂ ಒಂದೇ ಜಿಮ್. ಒಂದು ಪಂದ್ಯ ಸೋತ ಮೇಲೆ ತಮ್ಮ ಮತ್ತೆ ರಿಂಗ್ ಹತ್ತಿರಲಿಲ್ಲ. ಬೆಳಗ್ಗೆ ಗೋದಾಮಿನಲ್ಲಿ ಸಾಮಾನು ಇಳಿಸುವ ಕೆಲಸ, ಸಂಜೆ ಸುಮ್ನೆ ಹೊಳೆ ದಂಡೆಯಲ್ಲಿ ಓಟ. ಪಂದ್ಯವೇ ಇಲ್ಲದಿದ್ದರೂ ತೂಕ ಮಾತ್ರ ಹೆಚ್ಚಾಗಲು ಬಿಟ್ಟಿರಲಿಲ್ಲ. ಮತ್ತೆ ಆಡಬೇಕೋ ಬೇಡವೋ ಗೊತ್ತಾಗುತ್ತಿಲ್ಲ ಎಂದು ಬಂದಿದ್ದರು.

ಎರಡನೇ ಭೇಟಿಯಲ್ಲಿ ನಾನು ಹೇಳಿದೆ: "ಅಣ್ಣನನ್ನು ಸ್ವಲ್ಪ ದಿನ ಮರೆತುಬಿಡಿ. ನಿಮ್ಮ ದಾರಿ ನೀವು ನೋಡಿಕೊಳ್ಳಿ." ಕೇಳಲು ಚೆನ್ನಾಗಿದೆ, ಅಲ್ವಾ? ಎಸ್-ಸಾನ್ ತಲೆ ಬಗ್ಗಿಸಿ ವಂದಿಸಿ ಹೋದರು. ಐದು ವಾರ ಬರಲೇ ಇಲ್ಲ.

ಆ ಮಧ್ಯೆ ಒಂದು ದಿನ ಅವರ ಫೈಲ್ ತೆಗೆದೆ. ನಿಜವಾದ ಹೆಸರಿನ ಬದಲು ಬೇರೇನಾದರೂ ಬರೆದಿಡುವುದು ನನ್ನ ರೂಢಿ. ಅದರ ಮೇಲೆ ನನ್ನದೇ ಕೈಬರಹದಲ್ಲಿ "ಒತೋತೊ" ಎಂದಿತ್ತು. ಜಪಾನಿಯಲ್ಲಿ ಹಾಗೆಂದರೆ ತಮ್ಮ. ಅಣ್ಣನನ್ನು ಮರೆಯಿರಿ ಎಂದು ಉಪದೇಶ ಮಾಡಿದವಳೂ ಅವರಿಗೆ ತಮ್ಮ ಎಂದೇ ಹೆಸರಿಟ್ಟಿದ್ದೆ. ನಾಚಿಕೆಯಾಯಿತು.

ಡಿಸೆಂಬರ್‌ನಲ್ಲಿ ಅವರು ತಾವಾಗಿಯೇ ಬಂದರು. ಕೂತವರೇ ಕೇಳಿದರು: "ಸೆನ್ಸೇ (ಅಂದರೆ ಗುರುಗಳೇ), ತಕುಮಾ ಇನೊಯೆ ಪಂದ್ಯ ನೋಡಿದಿರಾ?"

ನಾನು ನೋಡಿರಲಿಲ್ಲ. ಆದರೆ ತಕುಮಾ ಅಣ್ಣ, ಬಾಕ್ಸರ್ ನವೊಯಾ ಇನೊಯೆ ಹೆಸರು ಕೇಳದವರು ನಮ್ಮ ಈ ಕನಗಾವ ಪ್ರಾಂತ್ಯದಲ್ಲಿ ಇಲ್ಲ. ಇಲ್ಲೇ ಝಾಮಾ ಊರಿನವರು, ತಂದೆಯೇ ಕೋಚ್, ಜಿಮ್ ಯೊಕೊಹಾಮದಲ್ಲಿ. ಎರಡು ತೂಕಗಳಲ್ಲಿ ನಾಲ್ಕೂ ಬಾಕ್ಸಿಂಗ್ ಸಂಸ್ಥೆಗಳ ವಿಶ್ವ ಚಾಂಪಿಯನ್ ಬೆಲ್ಟ್‌ಗಳನ್ನು ಒಟ್ಟುಮಾಡಿದ ಮನುಷ್ಯ. ತಕುಮಾ ಅವರಿಗಿಂತ ಎರಡು ವರ್ಷ ಎಂಟು ತಿಂಗಳು ಚಿಕ್ಕ ತಮ್ಮ. ಎಸ್-ಸಾನ್ ಅರ್ಧ ಗಂಟೆ ತಕುಮಾ ಬಗ್ಗೆಯೇ ಮಾತಾಡಿದರು. ತಮ್ಮ ಸ್ವಂತ ವಿಷಯ ಒಂದು ಮಾತೂ ಇಲ್ಲ. ನಾನೂ ತಡೆಯಲಿಲ್ಲ.

ಅವರು ಹೇಳಿದ್ದು ಹೀಗಿದೆ. 2019ರ ನವೆಂಬರ್ 7, ಸೈತಾಮಾ. ತಕುಮಾ ಆ ನಾಲ್ಕು ಸಂಸ್ಥೆಗಳಲ್ಲೊಂದಾದ ಡಬ್ಲ್ಯೂಬಿಸಿಯ ಬೆಲ್ಟ್‌ಗಾಗಿ ಫ್ರಾನ್ಸಿನ ನೊರ್ದಿನ್ ಊಬಾಲಿ ಎದುರು ಸೋತರು. ಅದೇ ರಾತ್ರಿ, ಅದೇ ರಿಂಗಿನಲ್ಲಿ ಅಣ್ಣ ನವೊಯಾ 12 ಸುತ್ತು ಆಡಿ ನೊನಿಟೊ ಡೊನೈರ್ ಅವರನ್ನು ಸೋಲಿಸಿದರು. ಮರುದಿನ ಜನರ ಬಾಯಲ್ಲಿ ಯಾವ ಪಂದ್ಯವಿತ್ತು ಎಂದು ಕೇಳಬೇಕಾಗಿಲ್ಲ. 2021ರಲ್ಲಿ ಡೊನೈರ್ ಊಬಾಲಿಯನ್ನು ಕೆಡವಿ ಆ ಬೆಲ್ಟ್ ತೆಗೆದುಕೊಂಡರು. 2022ರ ಜೂನ್‌ನಲ್ಲಿ ಅಣ್ಣ ಎರಡೇ ಸುತ್ತಿನಲ್ಲಿ ಡೊನೈರ್ ಅವರನ್ನು ಕೆಡವಿ ಅದನ್ನು ಮನೆಗೆ ತಂದರು. ಆಮೇಲೆ ಅಣ್ಣ ಮೇಲಿನ ತೂಕಕ್ಕೆ ಹೋದರು, ಬೆಲ್ಟ್‌ಗಳು ಖಾಲಿಯಾದವು. 2023ರ ಏಪ್ರಿಲ್‌ನಲ್ಲಿ ತಕುಮಾ ಅವುಗಳಲ್ಲೊಂದನ್ನು, ಇನ್ನೊಂದು ಸಂಸ್ಥೆಯಾದ ಡಬ್ಲ್ಯೂಬಿಎಯ ಬೆಲ್ಟನ್ನು, ಗೆದ್ದರು.

"ಒಸಗರಿ," ಎಂದು ನಕ್ಕರು ಎಸ್-ಸಾನ್.

ಒಸಗರಿ ಅಂದರೆ ದೊಡ್ಡವರು ಹಾಕಿ ಬಿಟ್ಟದ್ದು ಚಿಕ್ಕವರ ಪಾಲಿಗೆ ಬರುವುದು. ಅಣ್ಣನ ಅಂಗಿ ಗಿಡ್ಡವಾದಾಗ ತಮ್ಮನ ಮೈಗೆ ಬರುತ್ತಲ್ಲ, ಅದು. ನಮ್ಮ ಮನೆಯಲ್ಲೂ ಅಕ್ಕನ ಲಂಗದ ಅಂಚು ಮಡಚಿ ಹೊಲಿದು ನನಗೆ ಹಾಕುತ್ತಿದ್ದರು. ಆ ಮಡಿಕೆಯ ಗೆರೆ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ.

ಆಮೇಲೆ ಅವರು ಹೇಳಿದ್ದನ್ನು ಹಾಗೇ ಕೊಡುತ್ತೇನೆ. "ಸೆನ್ಸೇ, ನಾನೂ ಒಸಗರಿಯಲ್ಲೇ ಬೆಳೆದೆ. ಶಾಲೆಯ ಬ್ಯಾಗು, ಬೂಟು, ಮೊದಲ ಗ್ಲೌಸು. ಅದರಲ್ಲಿ ನನಗೆ ಬೇಜಾರಿಲ್ಲ. ಆದರೆ ಅಣ್ಣ ನನ್ನಿಂದ ಒಂದೇ ಒಂದು ಸಾಮಾನು ತಗೊಂಡ."

"ಏನು?"

"ನನ್ನ ಸೋಲು."

ಕತೆ ಆಮೇಲೆ ಹೊರಗೆ ಬಂತು. ತಮ್ಮನನ್ನು ಸೋಲಿಸಿದ ಹುಡುಗ ಮೇಲೇರಿ, ಮುಂದೆ ಅಣ್ಣನಿಗೇ ಸವಾಲು ಹಾಕಿದ್ದ. ಅಣ್ಣ ಮೂರನೇ ಸುತ್ತಿನಲ್ಲಿ ಅವನನ್ನು ಕೆಡವಿದರು. ಮೈಕ್ ಹಿಡಿದು, ತಮ್ಮನ ಸೇಡು ತೀರಿಸಿದೆ ಎಂದರು. ಹಾಲ್ ತುಂಬ ಚಪ್ಪಾಳೆ. ಅಮ್ಮ ಅತ್ತರು. ತಮ್ಮನೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಎಲ್ಲರಿಗೂ ಲೆಕ್ಕ ಚುಕ್ತಾ ಆಯಿತು. ನಾನು ಈಗ ಯಾವ ಬಾಕಿ ತೀರಿಸಲು ವಾಪಸ್ ಬರಲಿ?"

ನಾನು ಪೆನ್ನು ಕೆಳಗಿಟ್ಟೆ. ಇಷ್ಟು ದಿನ ಅಣ್ಣನ ಗೆಲುವು ಇವರನ್ನು ಕುಗ್ಗಿಸಿದೆ ಎಂದುಕೊಂಡಿದ್ದೆ. ಗೆಲುವಿನ ಮಾತೇ ಅಲ್ಲ ಇದು. ಅಣ್ಣ ಪ್ರೀತಿಯಿಂದ ಮಾಡಿದ ಕೆಲಸವೇ ಇವರ ಕೈ ಖಾಲಿ ಮಾಡಿತ್ತು.

ಅಪ್ಪ ಅಮ್ಮಂದಿರೇ, ಹೋಲಿಕೆ ಮಾಡಬೇಡಿ ಎಂದು ನಿಮಗೆ ಎಲ್ಲರೂ ಹೇಳಿರುತ್ತಾರೆ. ನಾನೂ ಹೇಳುತ್ತಿದ್ದೆ, ಪ್ರಯೋಜನವಾಗಿಲ್ಲ. ಹೋಲಿಕೆ ನೀವು ನಿಲ್ಲಿಸಿದರೂ ನೆಂಟರು ಮಾಡುತ್ತಾರೆ, ಮೇಷ್ಟ್ರು ಮಾಡುತ್ತಾರೆ, ಮಗುವೇ ಮಾಡಿಕೊಳ್ಳುತ್ತದೆ. ನಿಮ್ಮ ಕೈಯಲ್ಲಿರುವುದು ಬೇರೆ. ಚಿಕ್ಕವನು ಫೇಲಾದಾಗ ದೊಡ್ಡವನನ್ನು ಕಾಲೇಜಿಗೆ ಮಾತಾಡಲು ಕಳಿಸುತ್ತೀರಿ. ಅಂಗಡಿ ಮುಳುಗಿದರೆ ಅಣ್ಣ ಸಾಲ ತೀರಿಸಿ, ಇನ್ನು ಆ ವಿಷಯ ಎತ್ತಬೇಡ ಎನ್ನುತ್ತಾನೆ. ಸಾಲ ತೀರಿಸಲಿ, ಬೇಡ ಅನ್ನುವುದಿಲ್ಲ. ಆದರೆ ಎಲ್ಲಿ ಎಡವಿದೆ ಎಂದು ನೋಡಿಕೊಳ್ಳಲೂ ತಮ್ಮನಿಗೆ ಬಿಡುವುದಿಲ್ಲವಲ್ಲ, ಅದು ನನಗೆ ಸರಿ ಕಾಣುವುದಿಲ್ಲ.

ಎಸ್-ಸಾನ್‌ಗೆ ತಕುಮಾ ಕತೆಯಲ್ಲಿ ಹಿಡಿಸಿದ್ದೂ ಇದೇ. 2024ರ ಅಕ್ಟೋಬರ್ 13ರಂದು ತಕುಮಾ ಸೆಯಾ ತ್ಸುತ್ಸುಮಿ ಎದುರು ಸೋತು ಡಬ್ಲ್ಯೂಬಿಎ ಬೆಲ್ಟ್ ಕಳೆದುಕೊಂಡರು. ಅಷ್ಟು ಹೊತ್ತಿಗೆ ಅಣ್ಣ ಬೇರೆ ತೂಕದಲ್ಲಿದ್ದರು. "ಆ ಸೋಲನ್ನು ಯಾರೂ ತಗೊಳ್ಳೋಕೆ ಆಗಲಿಲ್ಲ, ಸೆನ್ಸೇ. 13 ತಿಂಗಳು ಅವನ ಹತ್ತಿರವೇ ಇತ್ತು." 2025ರ ನವೆಂಬರ್ 24ರಂದು ಟೋಕಿಯೋದಲ್ಲಿ ತಕುಮಾ ವಾಪಸ್ ಬಂದರು. ಎದುರಿಗೆ ತೆನ್ಶಿನ್ ನಸುಕಾವಾ, ಕಿಕ್‌ಬಾಕ್ಸಿಂಗ್‌ನಲ್ಲಾಗಲಿ ಬಾಕ್ಸಿಂಗ್‌ನಲ್ಲಾಗಲಿ ಅಲ್ಲಿಯವರೆಗೆ ವೃತ್ತಿಪರ ಅಧಿಕೃತ ಪಂದ್ಯದಲ್ಲಿ ಸೋಲನ್ನೇ ಕಾಣದವರು. ಶುರುವಿನ ಸುತ್ತುಗಳಲ್ಲಿ ಪೆಟ್ಟು ತಿಂದರೂ 12 ಸುತ್ತಿನ ಕೊನೆಗೆ ಮೂವರು ತೀರ್ಪುಗಾರರೂ ತಕುಮಾ ಪರ ಬರೆದರು. ಕೈಗೆ ಬಂದದ್ದು 2019ರಲ್ಲಿ ತಪ್ಪಿಹೋಗಿದ್ದ ಅದೇ ಡಬ್ಲ್ಯೂಬಿಸಿ ಹಸಿರು ಬೆಲ್ಟ್. ನಡುವೆ ಅದು ಎಷ್ಟೋ ಸೊಂಟ ಸುತ್ತಿ ಬಂದಿತ್ತು. ಈ ಸಲ ಅದನ್ನು ಖಾಲಿ ಬಿಟ್ಟವರು ಅಣ್ಣನಲ್ಲ, ಹಿಂದಿನ ಚಾಂಪಿಯನ್ ಜುಂತೊ ನಕತಾನಿ.

ತಕುಮಾ ಮನಸ್ಸಿನಲ್ಲಿ ಏನಿತ್ತೋ ನಾನು ಹೇಳಲಾರೆ. ಎಸ್-ಸಾನ್‌ಗೆ ಹಾಗೆ ಕಂಡಿತು, ನನಗೆ ಅಷ್ಟು ಸಾಕು.

ನಾನು ಕೊಟ್ಟ ಸಲಹೆ ಚಿಕ್ಕದು. ಅಣ್ಣನಿಗೆ ಒಂದು ಮಾತು ಹೇಳಿ: "ಆ ಪಂದ್ಯ ನೀನು ನಿನಗಾಗಿ ಗೆದ್ದೆ. ನನ್ನದು ಇನ್ನೂ ಬಾಕಿ ಇದೆ." ಅಲ್ಲೇ 20 ನಿಮಿಷ ಅಭ್ಯಾಸ ಮಾಡಿಸಿದೆ. ಪ್ರತಿ ಸಲವೂ "ಗೊಮೆನ್" ಎಂದೇ ಶುರು. ಅಂದರೆ ಕ್ಷಮಿಸು. "ಕ್ಷಮೆ ಬೇಡ, ಮತ್ತೆ ಹೇಳಿ" ಎನ್ನುತ್ತಿದ್ದೆ. ಒಂಬತ್ತೋ ಹತ್ತೋ ಸಲವಾದ ಮೇಲೆ ಗೊಮೆನ್ ಇಲ್ಲದೆ ಬಂತು. ಎಸ್-ಸಾನ್ ಹಣೆ ಬೆವರಿತ್ತು.

ಇನ್ನೊಂದು, ಟಿಕೆಟ್ ವಿಷಯ. ಇಲ್ಲಿ ಚಿಕ್ಕ ಬಾಕ್ಸರ್‌ಗಳಿಗೆ ಪಂದ್ಯದ ದುಡ್ಡು ಎಷ್ಟೋ ಸಲ ಟಿಕೆಟ್ ರೂಪದಲ್ಲೇ ಸಿಗುತ್ತದೆ. ಮಾರಿಕೊಂಡರೆ ದುಡ್ಡು, ಇಲ್ಲದಿದ್ದರೆ ಕಾಗದ. ಇವರ ಟಿಕೆಟ್‌ಗಳನ್ನು ಯಾವಾಗಲೂ ಅಣ್ಣನ ಅಭಿಮಾನಿ ಬಳಗವೇ ಕಟ್ಟುಗಟ್ಟಲೆ ಕೊಳ್ಳುತ್ತಿತ್ತು. ಆಡುವುದಾದರೆ ಈ ಸಲ ನೀವೇ ಮಾರಿ ಎಂದೆ.

ಪರಿಚಯದ ಸಲಹೆಗಾರರೊಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡರು. ತಲೆಗೆ ಪೆಟ್ಟು ಬೀಳುವ ಆಟಕ್ಕೆ ಒಬ್ಬರನ್ನು ವಾಪಸ್ ದೂಡುತ್ತೀಯಾ ಎಂದು. ದೂಡಲಿಲ್ಲ. ಆಡಬಹುದೋ ಇಲ್ಲವೋ ಎನ್ನುವುದು ವೈದ್ಯರು ಮತ್ತು ಜಿಮ್ ನೋಡುವ ವಿಷಯ. ಬಿಡುವುದಾದರೂ ಅವರೇ ನಿರ್ಧರಿಸಿ ಬಿಡಲಿ ಅಂದೆ, ಅಷ್ಟೇ. ಅಣ್ಣ ತಮ್ಮಂದಿರ ನಡುವೆ ಹುಳಿ ಹಿಂಡಿದೆ ಎಂದೂ ಅವರಿಗೆ ಅನ್ನಿಸಿತ್ತು. ಅದು ಸ್ವಲ್ಪ ನಿಜ. ಆ ಮಾತಾದ ಮೇಲೆ ಅಣ್ಣ ಮೂರು ವಾರ ತಮ್ಮನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಆ ಮೂರು ವಾರ ನನಗೂ ನಿದ್ದೆ ಕಮ್ಮಿ.

ಕೆಲವು ತಿಂಗಳ ನಂತರ ಟೋಕಿಯೋದ ಕೊರಾಕುಎನ್ ಹಾಲ್‌ನಲ್ಲಿ ಆರು ಸುತ್ತಿನ ಪಂದ್ಯ. 50 ಟಿಕೆಟ್‌ಗಳಲ್ಲಿ ಗೋದಾಮಿನವರು 19 ಕೊಂಡರು, ಕ್ಷೌರದಂಗಡಿಯವರು ಇಬ್ಬರು. ಅಂತೂ 34 ಹೋದವು, ಉಳಿದದ್ದು ನಷ್ಟ. ನಾನು ಕೊಳ್ಳಲಿಲ್ಲ, ಹೋಗಲೂ ಇಲ್ಲ. ನಮ್ಮ ಹತ್ತಿರ ಬರುವವರ ಪಂದ್ಯಕ್ಕೆ, ಮದುವೆಗೆ ಹೋಗಬಾರದು ಎಂದು ನಾನೇ ಮಾಡಿಕೊಂಡ ನಿಯಮ. ಆ ರಾತ್ರಿ ಆ ನಿಯಮದ ಮೇಲೆ ಸಿಟ್ಟು ಬಂದಿತ್ತು.

ಎರಡು ವಾರ ಬಿಟ್ಟು ಎಡಗಣ್ಣಿನ ಕೆಳಗೆ ಹಳದಿ ಕಲೆ ಹೊತ್ತು ಬಂದರು. ಸೋತಿದ್ದರು. ಮೂವರು ತೀರ್ಪುಗಾರರಲ್ಲಿ ಇಬ್ಬರು ಎದುರಾಳಿಗೆ ಕೊಟ್ಟಿದ್ದರು. ನಾನು ಮುಖ ಸಣ್ಣ ಮಾಡಿದ್ದು ನೋಡಿ ಅವರೇ ನನಗೆ ಚಹಾ ತೋರಿಸಿದರು, ಕುಡಿಯಿರಿ ಎಂದು.

"ಅಣ್ಣ ಬಂದಿದ್ದರಾ?"

"ಬಂದಿದ್ದ. ನನ್ನ ಹತ್ತಿರವೇ ಟಿಕೆಟ್ ತಗೊಂಡು, ದುಡ್ಡು ಕೊಟ್ಟು ಬಂದ. ಪಂದ್ಯ ಮುಗಿದ ಮೇಲೆ ಒಳಗೆ ಬಂದು, ಆ ಹುಡುಗನ ಹೆಸರು ಹಿಡಿದು ಏನೋ ಹೇಳೋಕೆ ಬಾಯಿ ತೆರೆದ. ನಾನು ಕೈ ಎತ್ತಿದೆ. ಟೇಪು ಇನ್ನೂ ಬಿಚ್ಚಿರಲಿಲ್ಲ. ಸುಮ್ಮನಾದ. ಕತ್ತರಿ ತಗೊಂಡು ನನ್ನ ಎಡಗೈ ಟೇಪು ಕತ್ತರಿಸುತ್ತಾ ಕೂತ."

"ಬಲಗೈ?"

"ಅದನ್ನು ನಾನೇ ಬಿಚ್ಚಿಕೊಂಡೆ."