ಬೆರಳಲ್ಲಿ 10.4, ತೋಳಲ್ಲಿ 12.1: ಯಾವುದನ್ನು ನಂಬುವುದು?

ಓದುಗರ ಪತ್ರ: ನನ್ನ ಮಗಳಿಗೆ 19 ವರ್ಷ. ಕಾಲೇಜಿನ ಆರೋಗ್ಯ ತಪಾಸಣಾ ಶಿಬಿರದಲ್ಲಿ ಬೆರಳಿಗೆ ಚುಚ್ಚಿ ನೋಡಿ, ಹಿಮೋಗ್ಲೋಬಿನ್ 10.4 ಎಂದು ಚೀಟಿ ಕೊಟ್ಟರು. ಅದೇ ವಾರ ಮನೆ ಹತ್ತಿರದ ಲ್ಯಾಬಿನಲ್ಲಿ ತೋಳಿನಿಂದ ರಕ್ತ ತೆಗೆಸಿ ಸಿಬಿಸಿ (ರಕ್ತಕಣಗಳ ಪೂರ್ಣ ಎಣಿಕೆ) ಮಾಡಿಸಿದರೆ 12.1 ಬಂತು. ಅದರಲ್ಲಿ ಪಿಸಿವಿ 36.4 ಎಂದೂ ಇದೆ. ಏನದು ಅಂತ ಕೇಳಿದರೆ ಯಾರೂ ಹೇಳಲಿಲ್ಲ. ಹೋದ ಸಂಚಿಕೆಯಲ್ಲಿ ನೀವು ದೇಶದ 57% ಹೆಂಗಸರಿಗೆ ರಕ್ತಹೀನತೆ ಎಂದು ಬರೆದಿರಿ. ಅದೂ ಬೆರಳು ಚುಚ್ಚಿದ ಲೆಕ್ಕವೇ ಆದರೆ ನಂಬುವುದು ಹೇಗೆ? ಮುಂದಿನ ತಿಂಗಳು ರಕ್ತದಾನ ಮಾಡುತ್ತೇನೆಂದು ಮಗಳು ಹಟ ಹಿಡಿದಿದ್ದಾಳೆ. ಕಳಿಸಲೋ ಬೇಡವೋ?
– ಹನುಮಂತನಗರದ ಓದುಗರೊಬ್ಬರು, ಬೆಂಗಳೂರು

ಸಂಪಾದಕರ ಉತ್ತರ:

ನಮಸ್ಕಾರ. ಪತ್ರದ ಜೊತೆ ನೀವು ಕಳಿಸಿದ ಚೀಟಿ, ರಿಪೋರ್ಟು ಎರಡನ್ನೂ ನೋಡಿದೆ. ಹಿಮೋಗ್ಲೋಬಿನ್ ಅಂಕಿ ಎಂದರೆ ನೂರು ಮಿಲಿಲೀಟರ್ ರಕ್ತದಲ್ಲಿ ಅದು ಎಷ್ಟು ಗ್ರಾಂ ಇದೆ ಎಂಬ ಲೆಕ್ಕ. ಒಬ್ಬರದೇ ರಕ್ತವನ್ನು ಎರಡು ದಿನ ನೋಡಿದರೆ ಅರ್ಧ ಗ್ರಾಂ ಆಚೀಚೆ ಆಗುವುದು ಮಾಮೂಲು. ನಿಮ್ಮ ಮಗಳದ್ದರಲ್ಲಿ 1.7 ಗ್ರಾಂ ವ್ಯತ್ಯಾಸವಿದೆ. ಅಷ್ಟನ್ನು ಮಾಮೂಲು ಎಂದು ತಳ್ಳಿಹಾಕುವಂತಿಲ್ಲ. ಎರಡರಲ್ಲಿ ಒಂದನ್ನು ಆರಿಸಲೇಬೇಕು ಎಂದರೆ ನಾನು ಲ್ಯಾಬಿನದನ್ನೇ ಆರಿಸುತ್ತೇನೆ. ಶಿಬಿರದವರು ಸುಳ್ಳು ಬರೆದರು ಎಂದಲ್ಲ. ಬೆರಳ ತುದಿಯ ಒಂದೇ ಒಂದು ಹನಿಯನ್ನು ನಂಬಿ ಲೆಕ್ಕ ಹೇಳುವುದು ನಿಜಕ್ಕೂ ಕಷ್ಟದ ಕೆಲಸ.

ಶಿಬಿರದಲ್ಲಿ ಏನಾಗುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡಿ. ಉದ್ದ ಸಾಲು. ಹುಡುಗಿಯ ಕೈ ತಣ್ಣಗಿದೆ. ನೋಯಬಾರದೆಂದು ಮೆಲ್ಲಗೆ ಚುಚ್ಚುತ್ತಾರೆ, ರಕ್ತ ಬರುವುದಿಲ್ಲ, ಬೆರಳನ್ನು ಹಿಂಡುತ್ತಾರೆ. ಹಿಂಡಿದಾಗ ರಕ್ತದ ಜೊತೆ ಚರ್ಮದಡಿಯ ನೀರಿನಂಥ ದ್ರವವೂ ಬಂದು ಹನಿ ತೆಳ್ಳಗಾಗುತ್ತದೆ. ಒರೆಸಿದ ಸ್ಪಿರಿಟ್ ಆರಿರದಿದ್ದರೆ ಅದೂ ಸೇರುತ್ತದೆ. ಆ ಹನಿಯನ್ನು ಹೀರಿಕೊಳ್ಳುವ ಪುಟ್ಟ ಪ್ಲಾಸ್ಟಿಕ್ ಕುವೆಟ್‌ನೊಳಗೆ ಗಾಳಿಗುಳ್ಳೆ ಕೂತರೆ ಯಂತ್ರ ತೋರಿಸುವ ಅಂಕಿ ಮತ್ತೆ ಕೆಡುತ್ತದೆ. ಸರಿಯಾದ ಕ್ರಮ ಬೇರೆಯೇ ಇದೆ: ಕೈಯನ್ನು ಬೆಚ್ಚಗೆ ಮಾಡಿ, ಸ್ಪಿರಿಟ್ ಆರಲು ಬಿಟ್ಟು, ಒಂದೇ ಸಲ ಸಾಕಷ್ಟು ಆಳಕ್ಕೆ ಚುಚ್ಚಿ, ಮೊದಲ ಹನಿಗಳನ್ನು ಒರೆಸಿ, ಆಮೇಲೆ ತಾನಾಗಿ ಉಬ್ಬಿ ಬರುವ ಹನಿಯನ್ನು ತೆಗೆದುಕೊಳ್ಳಬೇಕು. ಇಷ್ಟೆಲ್ಲ ಮಾಡಿದರೂ ಒಂದೇ ಬೆರಳಿನ ಒಂದರ ಹಿಂದೊಂದು ಹನಿಗಳ ನಡುವೆ ಫರಕು ಬರುವುದುಂಟು. ಅಂಕಿ ಕಡಿಮೆಯೇ ಬರಬೇಕೆಂದಿಲ್ಲ, ಕೆಲವೊಮ್ಮೆ ಹೆಚ್ಚೂ ಬರುತ್ತದೆ.

ಹಾಗೆಂದು ತೋಳಿನ ರಕ್ತಕ್ಕೆ ದೋಷವೇ ಇಲ್ಲ ಎನ್ನಲಾಗದು. ರಟ್ಟೆಗೆ ಪಟ್ಟಿ ಬಿಗಿದು ಒಂದು ನಿಮಿಷಕ್ಕಿಂತ ಹೆಚ್ಚು ಬಿಟ್ಟರೆ ಅಲ್ಲಿ ನಿಂತ ರಕ್ತ ಗಟ್ಟಿಯಾಗಿ ಅಂಕಿ ಮೇಲೇರುತ್ತದೆ. ಮಲಗಿದ್ದವರ ರಕ್ತ ತೆಳು, ನಿಂತಿದ್ದವರದು ಮಂದ. ಆದರೆ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಒಂದೆರಡು ಮಿಲಿಲೀಟರ್ ರಕ್ತ ಇರುತ್ತದೆ, ಚೆನ್ನಾಗಿ ಬೆರೆತಿರುತ್ತದೆ, ಅನುಮಾನ ಬಂದರೆ ಅದನ್ನೇ ಇನ್ನೊಮ್ಮೆ ನೋಡಬಹುದು. ಹನಿಯಲ್ಲಿ ಆ ಅವಕಾಶ ಇಲ್ಲ.

ಅಳತೆಯ ವಿಧಾನಗಳೂ ಬಹಳ ಬದಲಾಗಿವೆ. ಹಿಂದೆ ಸಣ್ಣ ಆಸ್ಪತ್ರೆಗಳಲ್ಲಿ ಸಾಹ್ಲಿ ವಿಧಾನವೇ ಗತಿ. ರಕ್ತಕ್ಕೆ ಆಮ್ಲ ಹಾಕಿ, ಕಂದು ಬಣ್ಣ ಬಂದ ಮೇಲೆ ಹನಿಹನಿಯಾಗಿ ನೀರು ಬೆರೆಸುತ್ತ ಪಕ್ಕದ ಗಾಜಿನ ಬಣ್ಣಕ್ಕೆ ಕಣ್ಣಳತೆಯಲ್ಲೇ ಹೊಂದಿಸಬೇಕಿತ್ತು. ಕಿಟಕಿಯ ಬೆಳಕು ಬದಲಾದರೆ ಉತ್ತರವೂ ಬದಲಾಗುತ್ತಿತ್ತು. ಜಗತ್ತು ಪ್ರಮಾಣ ಎಂದು ಒಪ್ಪಿಕೊಂಡಿದ್ದು ಸಯನ್‌ಮೆಥಿಮೋಗ್ಲೋಬಿನ್ ವಿಧಾನವನ್ನು. ಅದರಲ್ಲಿ ಹಿಮೋಗ್ಲೋಬಿನ್ ಅನ್ನು ಸಯನೈಡ್ ಇರುವ ದ್ರಾವಣದ ಜೊತೆ ಬೆರೆಸಿ, 540 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಅದು ಎಷ್ಟು ಹೀರುತ್ತದೆ ಎಂದು ಅಳೆಯುತ್ತಾರೆ. ವಿಷದ ಗೊಡವೆ ಬೇಡವೆಂದು ಇಂದಿನ ಹಲವು ಯಂತ್ರಗಳು ಸೋಡಿಯಂ ಲಾರಿಲ್ ಸಲ್ಫೇಟ್ ಬಳಸುತ್ತವೆ. ನಮ್ಮ ಟೂತ್‌ಪೇಸ್ಟಿನಲ್ಲಿ ನೊರೆ ಬರಿಸುವುದೂ ಅದೇ.

ಇನ್ನು ಪಿಸಿವಿ. ಹೆಮಟೋಕ್ರಿಟ್ ಎಂದರೂ ಅದೇ. ನೂರು ಪಾಲು ರಕ್ತದಲ್ಲಿ ಕೆಂಪು ಕಣಗಳು ಎಷ್ಟು ಪಾಲು ಜಾಗ ಹಿಡಿದಿವೆ ಎಂಬ ಲೆಕ್ಕ. ತೀರಾ ಸಣ್ಣ ರಂಧ್ರದ ಗಾಜಿನ ನಳಿಕೆಗೆ ರಕ್ತ ತುಂಬಿ ರಭಸದಿಂದ ತಿರುಗಿಸಿದರೆ ಕೆಂಪು ಕಣಗಳೆಲ್ಲ ತಳಕ್ಕೆ ಒತ್ತಿಕೊಂಡು, ಮೇಲೆ ರಕ್ತದ ದ್ರವಭಾಗವಾದ ಹಳದಿ ಪ್ಲಾಸ್ಮಾ ನಿಲ್ಲುತ್ತದೆ. ನಡುವೆ ತೆಳುವಾದ ಬಿಳಿ ಗೆರೆ: ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್‌ಗಳದ್ದು. ಈಗಿನ ಯಂತ್ರ ಹೀಗೆ ತಿರುಗಿಸುವುದಿಲ್ಲ. ಕಣಗಳನ್ನು ಎಣಿಸಿ, ಒಂದೊಂದರ ಸರಾಸರಿ ಗಾತ್ರದಿಂದ ಗುಣಿಸಿ ಪಿಸಿವಿ ಹೇಳುತ್ತದೆ. ಸಾಮಾನ್ಯವಾಗಿ ಹಿಮೋಗ್ಲೋಬಿನ್ನಿನ ಮೂರು ಪಟ್ಟು ಪಿಸಿವಿಗೆ ಹತ್ತಿರ ಇರಬೇಕು. ನಿಮ್ಮ ಮಗಳ 12.1ನ್ನು ಮೂರರಿಂದ ಗುಣಿಸಿ ನೋಡಿ, 36.3. ರಿಪೋರ್ಟಿನಲ್ಲಿ 36.4. ಎರಡು ಬೇರೆ ಬೇರೆ ದಾರಿಯಲ್ಲಿ ಬಂದ ಅಂಕಿಗಳು ಹೀಗೆ ತಾಳೆಯಾಗಿವೆ ಎಂಬುದೂ ಲ್ಯಾಬಿನ ಕಡೆಗೆ ನಾನು ವಾಲಲು ಒಂದು ಕಾರಣ. ರಕ್ತದಲ್ಲಿ ಕೊಬ್ಬು ವಿಪರೀತ ಇದ್ದು ದ್ರಾವಣ ಕದಡಿದ್ದರೆ ಹಿಮೋಗ್ಲೋಬಿನ್ ಸುಳ್ಳೇ ಹೆಚ್ಚು ಬರುತ್ತದೆ, ಆಗ ಈ ಲೆಕ್ಕ ತಪ್ಪುತ್ತದೆ. ಕಬ್ಬಿಣಾಂಶ ತೀರಾ ಕಡಿಮೆ ಇರುವವರಲ್ಲಿ ನಿಜವಾಗಿಯೇ ತಪ್ಪುವುದೂ ಉಂಟು.

ಪಿಸಿವಿ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಮಳೆಗಾಲ ಬಂದು ಬೆಂಗಳೂರಿನಲ್ಲಿ ಡೆಂಗಿ ಶುರುವಾಯಿತೆಂದರೆ ಮನೆಮನೆಯಲ್ಲೂ ಕೇಳುವುದು ಒಂದೇ ಪ್ರಶ್ನೆ: ‘ಪ್ಲೇಟ್‌ಲೆಟ್ ಎಷ್ಟು?’ ಪಪ್ಪಾಯಿ ಎಲೆಯ ರಸದ ಓಡಾಟವೆಲ್ಲ ಅದಕ್ಕೇ. ಆದರೆ ಡೆಂಗಿಯಲ್ಲಿ ಪ್ರಾಣಕ್ಕೆ ಸಂಚಕಾರ ತರುವುದು ಬಹುಪಾಲು ರಕ್ತನಾಳದಿಂದ ಪ್ಲಾಸ್ಮಾ ಸೋರುವುದು. ಒಲೆಯ ಮೇಲಿನ ಸಾರಿನಲ್ಲಿ ನೀರು ಇಂಗಿದಾಗ ಬೇಳೆ ಹೆಚ್ಚಿದಂತೆ ಕಾಣುವ ಹಾಗೆ, ಪ್ಲಾಸ್ಮಾ ಸೋರಿದಾಗ ಕೆಂಪು ಕಣಗಳ ಪಾಲು ಏರುತ್ತದೆ. ರೋಗಿಯ ಮಾಮೂಲಿ ಮಟ್ಟಕ್ಕಿಂತ 20% ಏರಿದರೆ, ಅಂದರೆ 38 ಇದ್ದದ್ದು 46ರ ಹತ್ತಿರ ಹೋದರೆ, ಸೋರಿಕೆ ಜೋರಾಗಿದೆ ಎಂದೇ ವೈದ್ಯರು ತಿಳಿಯುತ್ತಾರೆ. ಇದು ಆಗುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೆ, ಮನೆಯವರು ‘ಸದ್ಯ, ಜ್ವರ ಬಿಟ್ಟಿತು’ ಎಂದು ನಿಟ್ಟುಸಿರು ಬಿಡುವಾಗಲೇ. ಇನ್ನೊಂದು ಕಡೆ, ರೋಗಿ ಸುಸ್ತಾಗುತ್ತಲೇ ಇದ್ದು ಪಿಸಿವಿ ದಿಢೀರನೆ ಬಿದ್ದರೆ ಒಳಗೆಲ್ಲೋ ರಕ್ತಸ್ರಾವ ಆಗುತ್ತಿರಬಹುದು. ಒಂದು ದಿನದ ಅಂಕಿ ಇದನ್ನು ಹೇಳುವುದಿಲ್ಲ, ಏರಿಳಿತ ಹೇಳುತ್ತದೆ. ಅದಕ್ಕೇ ಡೆಂಗಿ ರೋಗಿಯ ರಕ್ತವನ್ನು ಸಾಧ್ಯವಾದಷ್ಟು ಒಂದೇ ಲ್ಯಾಬಿನಲ್ಲಿ ನೋಡಿಸಿ ಎಂದು ಎಲ್ಲ ಓದುಗರನ್ನೂ ಕೇಳಿಕೊಳ್ಳುತ್ತೇನೆ.

ನಮ್ಮ ಲೇಖನದ 57%ಗೆ ಬರುತ್ತೇನೆ. ಅದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಅಂಕಿ, 15ರಿಂದ 49 ವಯಸ್ಸಿನ ಹೆಂಗಸರದ್ದು. ಅಂಕಿ ಸರಿಯಾಗಿಯೇ ಇದೆ. ನೀವು ಊಹಿಸಿದಂತೆ ಅದು ಬೆರಳ ಹನಿಯಿಂದಲೇ ಬಂದದ್ದು. ಲಕ್ಷಾಂತರ ಮನೆಗಳಿಗೆ ಹೋಗಿ ತೋಳಿನ ರಕ್ತ ತೆಗೆದು, ಕೆಡದಂತೆ ಲ್ಯಾಬಿಗೆ ಸಾಗಿಸುವುದು ಸುಲಭವಲ್ಲ. ತೊಂದರೆ ಏನೆಂದರೆ ನಮ್ಮಲ್ಲಿ ಬಹಳಷ್ಟು ಹೆಂಗಸರ ಹಿಮೋಗ್ಲೋಬಿನ್ 12ರ ಗೆರೆಯ (ಅದಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಎನ್ನುತ್ತಾರೆ) ಆಸುಪಾಸಿನಲ್ಲೇ ಇದೆ. ಅಳತೆ ಅರ್ಧ ಗ್ರಾಂ ಜಾರಿದರೂ ಕೋಟಿಗಟ್ಟಲೆ ಜನ ಗೆರೆಯ ಈಚೆಯಿಂದ ಆಚೆಗೆ ಹೋಗಿಬಿಡುತ್ತಾರೆ. ಮಕ್ಕಳದ್ದನ್ನೇ ನೋಡಿ. 2015–16ರ ನಾಲ್ಕನೇ ಸಮೀಕ್ಷೆಯಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ಸುಮಾರು 59%. ಅದರ ಬೆನ್ನಿಗೇ 2016–18ರಲ್ಲಿ ತೋಳಿನ ರಕ್ತ ತೆಗೆದು ನಡೆಸಿದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 1ರಿಂದ 4 ವರ್ಷದವರಲ್ಲಿ ಸುಮಾರು 41%. ವಯಸ್ಸಿನ ಗುಂಪು ಪೂರ್ತಿ ಒಂದೇ ಅಲ್ಲ, ನಿಜ. ಆದರೆ ಇಷ್ಟು ಅಂತರಕ್ಕೆ ಅದೊಂದೇ ಕಾರಣ ಸಾಲದು.

ಗೆರೆಯ ಬಗೆಗೇ ತಕರಾರಿದೆ. ಹೆಂಗಸರಿಗೆ 12, ಗಂಡಸರಿಗೆ 13 ಎಂದು ವಿಶ್ವ ಆರೋಗ್ಯ ಸಂಸ್ಥೆ ನಿಗದಿ ಮಾಡಿದ್ದು 1968ರಲ್ಲಿ. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರ ಕುರ್ಪಾಡ್ ಅವರೂ ಇದ್ದ ಸಂಶೋಧಕರ ತಂಡ 2021ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ವೈದ್ಯಕೀಯ ಪತ್ರಿಕೆಯಲ್ಲಿ ಬೇರೆ ಲೆಕ್ಕ ಮುಂದಿಟ್ಟಿತು. 1ರಿಂದ 19 ವರ್ಷದ ಆರೋಗ್ಯವಂತ ಭಾರತೀಯ ಮಕ್ಕಳ ರಕ್ತದಿಂದಲೇ ಗೆರೆ ಎಳೆದರೆ ರಕ್ತಹೀನತೆ 30%ನಿಂದ 10.8%ಗೆ ಇಳಿಯುತ್ತದೆ ಎಂದು. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಎಲ್ಲವನ್ನೂ ಮರುಪರಿಶೀಲಿಸಿ, ಆರು ತಿಂಗಳಿಂದ ಎರಡು ವರ್ಷದೊಳಗಿನ ಮಕ್ಕಳ ಗೆರೆಯನ್ನು 10.5ಕ್ಕೆ ಇಳಿಸಿತು. ಹೆಂಗಸರ 12 ಮಾತ್ರ ಹಾಗೆಯೇ ಉಳಿಯಿತು. ತೋಳಿನ ರಕ್ತ, ಸ್ವಯಂಚಾಲಿತ ಯಂತ್ರ ಬಳಸಿ ಎಂದೂ ಆಗಲೇ ಹೇಳಿತು. ನಮ್ಮ ಕುಟುಂಬ ಆರೋಗ್ಯ ಸಮೀಕ್ಷೆಯ ಆರನೇ ಸುತ್ತಿನಲ್ಲಿ ರಕ್ತಹೀನತೆ ಅಳೆಯುವುದನ್ನು ಕೈಬಿಟ್ಟು, ಆ ಕೆಲಸವನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಬೇರೊಂದು ಸಮೀಕ್ಷೆಗೆ ವಹಿಸಿದ್ದಾರೆ. ವಿಧಾನ ಬದಲಿಸಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ನಾಳೆ ಅಲ್ಲಿಂದ ಕಡಿಮೆ ಅಂಕಿ ಬಂದರೆ, ರಕ್ತಹೀನತೆ ಇಳಿದುಹೋಯಿತು ಎಂದು ಯಾವ ಸರ್ಕಾರವೂ ಬೆನ್ನು ತಟ್ಟಿಕೊಳ್ಳಬಾರದು, ಯಾವ ಪತ್ರಿಕೆಯೂ ಹಾಗೆ ಬರೆಯಬಾರದು. ಬೇರೆ ಅಳತೆಗೋಲಿನ ಎರಡು ಅಂಕಿಗಳನ್ನು ಕಳೆದು ಉತ್ತರ ಹೇಳುವುದು ಜನರಿಗೆ ಮಾಡುವ ಮೋಸ. ಹಾಗೆಯೇ, ಅಂಕಿ ಅಲುಗಾಡುತ್ತದೆಂದು ರಕ್ತಹೀನತೆಯೇ ಸುಳ್ಳು ಎಂದುಕೊಳ್ಳುವುದೂ ತಪ್ಪು. 7, 8 ಹಿಮೋಗ್ಲೋಬಿನ್ ಇಟ್ಟುಕೊಂಡು ಹೆರಿಗೆಗೆ ಬರುವ ಹೆಣ್ಣುಮಗಳನ್ನು ಯಾವ ಗೆರೆಯಿಂದ ಅಳೆದರೂ ಅವಳ ಅಪಾಯ ಅಪಾಯವೇ.

ಈಗ ನಿಮ್ಮ ಮಗಳ 12.1. ಲ್ಯಾಬಿನ ಪ್ರಕಾರ ಇದು ಗೆರೆಯ ಮೇಲೇ ಇದೆ. ಆದರೆ ಎತ್ತರದ ಊರಿನಲ್ಲಿ ಗಾಳಿ ತೆಳುವಾದ್ದರಿಂದ ದೇಹ ಹೆಚ್ಚು ಹಿಮೋಗ್ಲೋಬಿನ್ ಮಾಡಿಕೊಳ್ಳುತ್ತದೆ. ಹಿಂದೆ 1000 ಮೀಟರ್ ಮೇಲಿನ ಊರುಗಳಿಗಷ್ಟೇ ಇದರ ಲೆಕ್ಕ ಹಿಡಿಯುತ್ತಿದ್ದರು. 2024ರ ಪಟ್ಟಿಯಲ್ಲಿ 500ರಿಂದ 999 ಮೀಟರ್‌ವರೆಗಿನವರಿಗೂ 0.4 ಕಳೆಯಬೇಕು. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಕಳೆದರೆ 11.7, ಅಂದರೆ ಸೌಮ್ಯ ರಕ್ತಹೀನತೆ. ಲ್ಯಾಬ್ ರಿಪೋರ್ಟುಗಳಲ್ಲಿ ಸಾಮಾನ್ಯವಾಗಿ ಈ ಲೆಕ್ಕ ಸೇರಿರುವುದಿಲ್ಲ. ಹೆದರುವಂಥದ್ದೇನೂ ಅಲ್ಲ, ಆದರೆ ಎಲ್ಲ ಸರಿಯಿದೆ ಎಂದು ಸುಮ್ಮನಾಗುವಂತೆಯೂ ಇಲ್ಲ. ವೈದ್ಯರನ್ನು ಕಂಡು ಫೆರಿಟಿನ್ ಪರೀಕ್ಷೆ ಬೇಕೇ ಎಂದು ಕೇಳಿ. ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶ ಎಷ್ಟಿದೆ ಎಂಬುದು ಗೊತ್ತಾಗುವುದು ಅದರಿಂದ, ಹಿಮೋಗ್ಲೋಬಿನ್ ಇಳಿಯುವ ಮೊದಲೇ ಅದು ಖಾಲಿಯಾಗಿರಬಹುದು. ಜ್ವರ, ನೆಗಡಿ ಇರುವಾಗ ಮಾತ್ರ ಮಾಡಿಸಬೇಡಿ, ಆಗ ಫೆರಿಟಿನ್ ಹೆಚ್ಚಾಗಿಯೇ ತೋರಿಸುತ್ತದೆ. ಮುಟ್ಟಿನ ರಕ್ತಸ್ರಾವ ಹೆಚ್ಚಿದ್ದರೆ ಸಂಕೋಚಪಡದೆ ಹೇಳಲಿ.

ರಕ್ತದಾನಕ್ಕೆ ಈ ಸಲ ಕಳಿಸಬೇಡಿ. ನಮ್ಮ ದೇಶದಲ್ಲಿ ದಾನಿಗೆ ಕನಿಷ್ಠ 12.5 ಇರಬೇಕು. ಕೆಲವು ಶಿಬಿರಗಳಲ್ಲಿ ನೀಲಿ ಬಣ್ಣದ ಮೈಲುತುತ್ತದ ನೀರಿಗೆ ಒಂದು ಹನಿ ರಕ್ತ ಬಿಟ್ಟು ನೋಡುತ್ತಾರೆ. 15 ಸೆಕೆಂಡಿನೊಳಗೆ ಮುಳುಗಿದರೆ ಪಾಸು, ತೇಲಿದರೆ ವಾಪಸು. ಅದೂ ಬೆರಳ ಹನಿಯೇ, ತಪ್ಪಿ ಪಾಸಾಗಲೂಬಹುದು. ವೈದ್ಯರು ಹೇಳಿದ ಚಿಕಿತ್ಸೆ ಮುಗಿಸಿ, ಅದೇ ಲ್ಯಾಬಿನಲ್ಲಿ ಇನ್ನೊಮ್ಮೆ ಸಿಬಿಸಿ ಮಾಡಿಸಿ 12.5 ದಾಟಿದ ಮೇಲೆ ಖಂಡಿತ ಕೊಡಲಿ. ಆ ವಯಸ್ಸಿನಲ್ಲಿ ಕೊಡಬೇಕೆನ್ನುವ ಮನಸ್ಸು ಇದೆಯಲ್ಲ, ಅದಕ್ಕೆ ನಮ್ಮೆಲ್ಲರ ಅಭಿನಂದನೆ ತಿಳಿಸಿ.

– ಸಂಪಾದಕ